ನುಂಗಿದ ಮೇಲೆ ಹುಟ್ಟುವ ರುಚಿ

ಮೊದಲ ಸಲ ನೋಡಿದವರು ಇದನ್ನು ಚಹಾ ಎಂದು ಒಪ್ಪುವುದು ಕಷ್ಟ. ತೆಳುವಾದ ಕಾಗದ ಬಿಚ್ಚಿದರೆ ಸಿಗುವುದು ಊಟದ ತಟ್ಟೆಗಿಂತ ಕೊಂಚ ಚಿಕ್ಕದಾದ, ಕಂದುಗಪ್ಪಿನ ಗಟ್ಟಿ ಬಿಲ್ಲೆ. ನಮ್ಮ ಕಡೆಯ ಕಣ್ಣಿಗೆ ಥಟ್ಟನೆ ನೆನಪಾಗುವುದು ಬೆರಣಿ. ಹತ್ತಿರ ಹಿಡಿದರೆ ಮಾತ್ರ ಒಂದರ ಮೇಲೊಂದು ಒತ್ತಿಕೊಂಡು ಮಲಗಿದ ಎಲೆಗಳು, ನಡುನಡುವೆ ಬೆಳ್ಳಿಗೂದಲಿನ ಚಿಗುರುಗಳು ಕಾಣುತ್ತವೆ. ಬಿಲ್ಲೆಯ ಹಿಂಬದಿಯ ನಟ್ಟನಡುವೆ ಒಂದು ಗುಳಿ. ಅಚ್ಚೊತ್ತುವಾಗ ಬಟ್ಟೆಚೀಲದ ಗಂಟು ಕೂತಿದ್ದ ಜಾಗ ಅದು. ಚಮಚ ಇಲ್ಲಿ ಕೆಲಸಕ್ಕೆ ಬಾರದು. ದಬ್ಬಳದಂಥ ಸಲಾಕೆಯನ್ನು ಅಂಚಿನಿಂದ ತೂರಿಸಿ, ಎಲೆ ಪುಡಿಯಾಗದಂತೆ, ಪದರ ಪದರವಾಗಿ ಎಬ್ಬಿಸಿಕೊಳ್ಳಬೇಕು.

ಇದು ಪು-ಅರ್. ಚೀನಾದ ನೈರುತ್ಯ ಮೂಲೆಯಲ್ಲಿರುವ ಯುನ್ನಾನ್ ಪ್ರಾಂತ್ಯದ ಚಹಾ. ನಾವು ಬಲ್ಲ ಚಹಾದ ಲೆಕ್ಕವೆಲ್ಲ ಇದರ ಮುಂದೆ ತಲೆಕೆಳಗು. ನಮಗೆ ಪುಡಿ ಹೊಸದಾಗಿರಬೇಕು, ಹಾಲು ಗಟ್ಟಿಯಾಗಿರಬೇಕು, ಎರಡು ಗುಟುಕಿಗೆ ಮಂಪರು ಹರಿಯಬೇಕು. ಪು-ಅರ್ ಪ್ರಿಯರು ಹತ್ತು ವರ್ಷದ ಹಿಂದಿನ ಬಿಲ್ಲೆಯನ್ನು ಹುಡುಕಿಕೊಂಡು ಹೋಗುತ್ತಾರೆ; ಒಂದು ಹಿಡಿ ಎಲೆಯ ಜೊತೆ ಇಡೀ ಮಧ್ಯಾಹ್ನ ಕಳೆಯುತ್ತಾರೆ. ಅವರಿಗೆ ನಾಲಿಗೆಯ ಮೇಲೆ ಗೊತ್ತಾಗುವುದು ಮುನ್ನುಡಿ ಮಾತ್ರ. ಗುಟುಕು ಗಂಟಲಿಳಿದ ಮೇಲೆ ಬಾಯಲ್ಲಿ ಏನು ನಡೆಯುತ್ತದೆ ಎಂಬುದಕ್ಕೇ ಅವರು ಕಾದು ಕೂರುವುದು.

ಕುದುರೆಯ ಬೆನ್ನಿನ ಲೆಕ್ಕ

ರೂಢಿಯ ಬಿಲ್ಲೆಯ ತೂಕ 357 ಗ್ರಾಂ. ಈ ವಿಚಿತ್ರ ಸಂಖ್ಯೆಯ ಗುಟ್ಟು ಬಿಡಿಸಲು ಏಳರಿಂದ ಗುಣಿಸಿ ನೋಡಬೇಕು: ಎರಡೂವರೆ ಕಿಲೊಗೆ ಒಂದೇ ಒಂದು ಗ್ರಾಂ ಕಡಿಮೆ. ಏಳು ಬಿಲ್ಲೆಗಳನ್ನು ಪೇರಿಸಿ, ಬಿದಿರ ಕಳಲೆಯ ಒಣಗಿದ ಹಾಳೆಯಲ್ಲಿ ಸುತ್ತಿ ಕಟ್ಟಿದರೆ ಒಂದು ‘ತೊಂಗ್’. ಅಡಿಕೆ ಹಾಳೆಯ ಉಪಯೋಗ ಬಲ್ಲ ಮಲೆನಾಡಿಗರಿಗೆ ಈ ಜಾಣ್ಮೆ ಹೊಸತಲ್ಲ. ಅಂಥ ಹನ್ನೆರಡು ತೊಂಗ್ ಸೇರಿದರೆ 84 ಬಿಲ್ಲೆ, ಸುಮಾರು 30 ಕಿಲೊದ ಒಂದು ಹೇರು. ಕುದುರೆಯ ಎಡಕ್ಕೊಂದು, ಬಲಕ್ಕೊಂದು. ಏಳೇಳಾಗಿ ಕಟ್ಟುವ ಈ ಬಿಲ್ಲೆಯನ್ನು ಚೀನೀಯರು ಕರೆಯುವುದೇ ‘ಏಳು ಮಕ್ಕಳ ಬಿಲ್ಲೆ ಚಹಾ’ ಎಂದು.

ಹೀಗೆ ಹೇರಿಕೊಂಡು ಹೋಗಬೇಕಾಗಿದ್ದ ದಾರಿಯೂ ಅಂಥದೇ. ಯುನ್ನಾನಿನ ಕಾಡುಬೆಟ್ಟಗಳಿಂದ ಹೊರಟ ಕುದುರೆ, ಹೇಸರಗತ್ತೆಗಳ ಸಾಲು ಕಣಿವೆ, ಹಿಮಘಟ್ಟಗಳನ್ನು ದಾಟಿ ಟಿಬೆಟ್ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸೊಪ್ಪು ತರಕಾರಿ ಅಪರೂಪವಾದ ಆ ಎತ್ತರದಲ್ಲಿ ಬೆಣ್ಣೆ, ಉಪ್ಪು ಸೇರಿಸಿ ಕಡೆದ ಚಹಾ ದಿನದಿನದ ಅಗತ್ಯವಾಗಿತ್ತು. ಬಿಡಿ ಎಲೆ ಜಾಗ ತಿನ್ನುತ್ತದೆ, ಪುಡಿಯಾಗುತ್ತದೆ. ಒತ್ತಿದ ಬಿಲ್ಲೆ ಎರಡನ್ನೂ ತಡೆಯುತ್ತದೆ. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ ಅರಮನೆಗೆ ಒತ್ತಿದ ಚಹಾ ಬೇಡ, ಬಿಡಿ ಎಲೆಯೇ ಬರಲಿ ಎಂದು ಆಜ್ಞೆ ಹೊರಡಿಸಿದ. ಚೀನಾದ ಬಹುಭಾಗ ಬಿಡಿ ಎಲೆಗೆ ಹೊರಳಿತು. ದೂರದ ಯುನ್ನಾನಿನಲ್ಲಿ ಮಾತ್ರ ಕುದುರೆಯ ಬೆನ್ನಿನ ಲೆಕ್ಕವೇ ನಡೆಯಿತು.

ಪು-ಅರ್ ಎಂಬುದು ಊರಿನ ಹೆಸರು. 1729ರಲ್ಲಿ ಚಿಂಗ್ ಆಡಳಿತ ಅಲ್ಲಿ ಒಂದು ಪ್ರಾಂತಾಧಿಕಾರವನ್ನು ಸ್ಥಾಪಿಸಿತು. ಸುತ್ತಲಿನ ಬೆಟ್ಟಗಳ ಚಹಾ ಅಲ್ಲಿಗೆ ಬಂದು, ತೂಕವಾಗಿ, ತೆರಿಗೆ ಕಟ್ಟಿ ಮುಂದೆ ಹೋಗುತ್ತಿತ್ತು. ಹಲವು ತಾಲ್ಲೂಕುಗಳಲ್ಲಿ ಬೆಳೆದ ಮೆಣಸಿನಕಾಯಿಗೆ ಬ್ಯಾಡಗಿಯ ಪೇಟೆ ಹೆಸರು ಕೊಟ್ಟಂತೆಯೇ ಇದೂ.

ಅಸ್ಸಾಮಿನ ನೆಂಟ

ಚಹಾ ತೋಟ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಸೊಂಟದೆತ್ತರಕ್ಕೆ ಸವರಿದ ಹಸಿರು ಜಮಖಾನೆ. ಯುನ್ನಾನಿನ ಹಳೆಯ ಬೆಟ್ಟಗಳಲ್ಲಿ ಚಹಾ ಮರವಾಗಿಯೇ ನಿಂತಿದೆ. ಕೊಯ್ಯುವವರು ಏಣಿ ಹಾಕುತ್ತಾರೆ, ಇಲ್ಲವೇ ಕೊಂಬೆಗೆ ಕಾಲು ಕೊಟ್ಟು ಹತ್ತುತ್ತಾರೆ. ಮೆಕಾಂಗ್ ನದಿಗೆ ಅಲ್ಲಿ ಲಾನ್‌ತ್ಸಾಂಗ್ ಎಂದು ಹೆಸರು. ಅದರ ಪೂರ್ವಕ್ಕೆ ಯೀವು, ಯೀಬಾಂಗ್ ಮೊದಲಾದ ‘ಆರು ಹಳೆಯ ಚಹಾ ಬೆಟ್ಟಗಳು’. ಪಶ್ಚಿಮಕ್ಕೆ ಮೆಂಗ್‌ಹಾಯ್ ಸೀಮೆಯ ನಾನ್ನುವೊ, ಬುಲಾಂಗ್ ಬೆಟ್ಟಗಳು. ಯೀವು ಚಹಾ ಮೆದು, ಜೇನಿನ ವಾಸನೆಯದು. ಬುಲಾಂಗಿನದು ಕಹಿ, ಗಡಸು ಎಂದು ಬಲ್ಲವರು ನದಿಯನ್ನೇ ಗೆರೆಯಾಗಿಟ್ಟು ಗುಣ ಹೇಳುತ್ತಾರೆ.

ಜಿಂಗ್‌ಮಾಯ್ ಬೆಟ್ಟದಲ್ಲಿ ಬ್ಲಾಂಗ್ ಮತ್ತು ದಾಯ್ ಜನ ಸಾವಿರ ವರ್ಷದಿಂದ ಕಾಡಿನ ದೊಡ್ಡ ಮರಗಳ ನೆರಳನ್ನು ಉಳಿಸಿಕೊಂಡೇ ಕೆಳಗೆ ಚಹಾ ಬೆಳೆಸುತ್ತ ಬಂದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಅಲ್ಲಿನ ಚಹಾ ಕಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಲಸು, ಅತ್ತಿ, ಸಿಲ್ವರ್ ಓಕಿನ ನೆರಳಲ್ಲಿ ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರಿನವರಿಗೆ ಈ ಕ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ದೊಡ್ಡೆಲೆಯ ಜಾತಿಗೆ ಸಸ್ಯಶಾಸ್ತ್ರ ಕೊಟ್ಟಿರುವ ಹೆಸರಿನಲ್ಲಿ ‘ಅಸಾಮಿಕಾ’ ಇದೆ. ಅಂದರೆ ನಮ್ಮ ಬೀದಿಬದಿಯ ಖಡಕ್ ಚಹಾಕ್ಕೆ ಬಣ್ಣ ಕೊಡುವ ಅಸ್ಸಾಮ್ ಗಿಡ ಮತ್ತು ಪು-ಅರ್ ಮರ ಒಂದೇ ಕುಲದವು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ಸ್ಕಾಟ್ ವ್ಯಾಪಾರಿಗೆ ಅಸ್ಸಾಮಿನಲ್ಲಿ ಚಹಾ ಗಿಡ ಇರುವುದು ತಿಳಿದದ್ದು ಸಿಂಗ್ಫೋ ಬುಡಕಟ್ಟಿನವರಿಂದ. ಅದೇ ಜನ ಗಡಿಯಾಚೆ ಮ್ಯಾನ್ಮಾರಿನಲ್ಲಿ ಕಚಿನ್, ಯುನ್ನಾನಿನಲ್ಲಿ ಜಿಂಗ್ಪೊ. ಸಿಂಗ್ಫೋಗಳು ಇಂದಿಗೂ ಎಲೆಯನ್ನು ಹುರಿದು, ಬಿಸಿಲಿಗೆ ಒಣಗಿಸಿ, ಬಿದಿರ ಅಂಡೆಗೆ ತುಂಬಿ ಒಲೆಯ ಮೇಲೆ ಹೊಗೆಗಿಡುತ್ತಾರೆ. ವರ್ಷಗಟ್ಟಲೆ ಇಟ್ಟು ಕೊರೆಕೊರೆದು ಕುಡಿಯುತ್ತಾರೆ. ಯುನ್ನಾನಿನಲ್ಲೂ ಬಿದಿರ ಚಹಾ ಉಂಟು. ಬ್ರಿಟಿಷರ ಕಾರ್ಖಾನೆ ಬರುವ ಮೊದಲೇ ಈ ಬೆಟ್ಟಸಾಲಿನುದ್ದಕ್ಕೂ ಎಲೆಯನ್ನು ಒತ್ತಿ, ಇಟ್ಟು, ಹಳತು ಮಾಡಿ ಕುಡಿಯುವ ವಿದ್ಯೆ ಹರಡಿತ್ತು.

ಹೆಸರಿನಲ್ಲೂ ನಂಟಿದೆ. ‘ಚ’ಕಾರದ ಹೆಸರು ಚೀನಾದಿಂದ ನೆಲದ ದಾರಿಯಲ್ಲೂ ಪೋರ್ಚುಗೀಸರ ಹಡಗಿನಲ್ಲೂ ಹೊರಟಿತು, ‘ಟ’ಕಾರದ್ದು ಫುಜಿಯಾನ್ ಕರಾವಳಿಯ ನುಡಿಯಿಂದ ಡಚ್ಚರ ಮೂಲಕ ಯುರೋಪಿಗೆ ಹೋಯಿತು. ಎರಡೂ ಬಂದು ಸೇರಿದ ಭಾಷೆಗಳಲ್ಲಿ ಕನ್ನಡವೂ ಒಂದು. ಧಾರವಾಡದಲ್ಲಿ ಚಹಾ, ಮಂಗಳೂರಲ್ಲಿ ಚಾ, ಮೈಸೂರಲ್ಲಿ ಟೀ.

ಪೂರ್ತಿ ಸಾಯದ ಎಲೆ

ಒಂದೇ ಗಿಡದ ಎಲೆಯನ್ನು ಚೀನೀಯರು ಮಾಡುವ ಬಗೆಯ ಮೇಲೆ ಆರು ಕುಲವಾಗಿ ವಿಂಗಡಿಸುತ್ತಾರೆ: ಹಸಿರು, ಬಿಳಿ, ಹಳದಿ, ಊಲಾಂಗ್, ಕೆಂಪು, ಕಪ್ಪು. ನಾವು ದಿನಾ ಕುಡಿಯುವುದು ಅವರ ಲೆಕ್ಕದಲ್ಲಿ ‘ಕೆಂಪು’. ಅವರ ‘ಕಪ್ಪು’ ಎಂದರೆ ಸೂಕ್ಷ್ಮಜೀವಿಗಳಿಂದ ಹುದುಗಿದ ಚಹಾ. ಹುದುಗಿಸಿದ ಪು-ಅರನ್ನು ಸಾಮಾನ್ಯವಾಗಿ ಈ ಸಾಲಿಗೆ ಸೇರಿಸುತ್ತಾರೆ.

ಕೊಯ್ದ ಎಲೆಯನ್ನು ಕೆಲಹೊತ್ತು ಬಾಡಿಸಿ, ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಕೈಯಾಡಿಸುತ್ತ ಹುರಿಯುತ್ತಾರೆ. ಚೀನೀಯಲ್ಲಿ ಇದಕ್ಕೆ ‘ಹಸಿರನ್ನು ಕೊಲ್ಲುವುದು’ ಎಂದೇ ಹೆಸರು. ಹಸಿರು ಚಹಾ ಮಾಡುವವರು ಆ ಕೊಲೆಯನ್ನು ಪೂರ್ತಿ ಮಾಡುತ್ತಾರೆ. ಪು-ಅರಿನವರು ಅರೆಜೀವ ಉಳಿಸುತ್ತಾರೆ. ಆಮೇಲೆ ಹೊಸಕಿ, ಚಾಪೆಯ ಮೇಲೆ ಹರವಿ ಬಿಸಿಲಿಗೆ ಬಿಡುತ್ತಾರೆ. ಒಲೆಯ ಕಾವಿಗಿಂತ ಬಿಸಿಲು ಸಾಧು. ಎಲೆಯೊಳಗಿನ ಕಿಣ್ವವೂ ಮೈಮೇಲಿನ ಜೀವಾಣುವೂ ಅಲ್ಪಸ್ವಲ್ಪ ಬದುಕಿಕೊಳ್ಳುತ್ತವೆ. ಹೀಗೆ ಒಣಗಿದ ಒರಟು ಎಲೆಯನ್ನು ಹಬೆಯಲ್ಲಿ ಮೆತ್ತಗಾಗಿಸಿ, ಬಟ್ಟೆಚೀಲಕ್ಕೆ ಸುರಿದು, ಮೇಲೆ ಕಲ್ಲಿಟ್ಟು ಆಳು ಹತ್ತಿ ನಿಂತರೆ ಬಿಲ್ಲೆ ಸಿದ್ಧ. 2008ರಲ್ಲಿ ಬಂದ ಚೀನಾದ ರಾಷ್ಟ್ರೀಯ ಮಾನದಂಡ ಈ ಮೂರನ್ನೇ ಕಟ್ಟುಪಾಡಾಗಿಸಿತು: ಯುನ್ನಾನಿನ ನೆಲ, ದೊಡ್ಡೆಲೆಯ ಜಾತಿ, ಬಿಸಿಲಿನ ಒಣಗು.

ಇದು ‘ಶೆಂಗ್’, ಅಂದರೆ ಹಸಿಯದು. ಎಳೆಯದರಲ್ಲಿ ಹುಲ್ಲು, ಹೂವು, ಕಹಿ, ಒಗರು ಎಲ್ಲ ಜೋರು. ಹತ್ತಿಪ್ಪತ್ತು ವರ್ಷ ಕಳೆದರೆ ಹೊಂಬಣ್ಣದ ನೀರು ಕೆಂಪಿಗೆ ತಿರುಗಿ, ಹರೆಯದ ಸಿಡುಕು ಇಳಿದು, ಒಣಹಣ್ಣು, ಹಳೆಮರ, ಕರ್ಪೂರದ ಛಾಯೆಗಳು ಬರುತ್ತವೆ.

ಇಪ್ಪತ್ತು ವರ್ಷ ಕಾಯುವವರು ಯಾರು? ಹಾಂಗ್‌ಕಾಂಗಿನ ಚಹಾ ಅಂಗಡಿಗಳಿಗೆ ಹಳೆಯ ರುಚಿಯ ಕಪ್ಪು ಚಹಾ ರಾಶಿಗಟ್ಟಲೆ ಬೇಕಿತ್ತು. 1973ರ ಹೊತ್ತಿಗೆ ಕುನ್ಮಿಂಗ್ ಚಹಾ ಕಾರ್ಖಾನೆಯಲ್ಲೂ ಬಳಿಕ ಮೆಂಗ್‌ಹಾಯ್ ಕಾರ್ಖಾನೆಯಲ್ಲೂ ಒಂದು ಅಡ್ಡದಾರಿ ಪಳಗಿತು. ಒಣ ಎಲೆಯನ್ನು ಟನ್ನುಗಟ್ಟಲೆ ರಾಶಿ ಹಾಕಿ, ನೀರು ಚಿಮುಕಿಸಿ, ಬಟ್ಟೆ ಹೊದಿಸಿ, ಆಗಾಗ ಮಗುಚುತ್ತ ಒಂದೂವರೆ ಎರಡು ತಿಂಗಳು ಹುದುಗಿಸುವುದು. ರಾಶಿಯ ಒಡಲು 50-60 ಡಿಗ್ರಿಗೆ ಕಾಯುತ್ತದೆ. ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರಗಳು ಮುಖ್ಯ ಅಡುಗೆಯವರು. ಇದು ‘ಶೌ’, ಅಂದರೆ ಮಾಗಿದ್ದು, ಬೆಂದದ್ದು. ಬಟ್ಟಲಿಗೆ ಬಗ್ಗಿಸಿದರೆ ಥೇಟ್ ಕಾಫಿ ಡಿಕಾಕ್ಷನ್. ಮೂಗಿಗೆ ಮೊದಲ ಮಳೆಯ ಮಣ್ಣು, ಬಾಯಿಗೆ ಖರ್ಜೂರ, ಜೋನಿಬೆಲ್ಲ. ಚೆನ್ನಾಗಿ ಹುದುಗಿದ್ದು ಗಂಜಿತಿಳಿಯ ಹಾಗೆ ನುಣ್ಣಗೆ ಜಾರುತ್ತದೆ. ಕೆಟ್ಟದ್ದು ಕೆರೆಯ ಕೆಸರು ನಾರುತ್ತದೆ. ಕಹಿಗೆ ಹೆದರುವ ಹೊಸಬರು ಶೌನಿಂದ ಶುರು ಮಾಡುವುದು ಕ್ಷೇಮ.

ಕಾಗದದ ಮೇಲಿನ ಸಂಖ್ಯೆಗಳನ್ನೂ ಓದಲು ಬರಬೇಕು. ಹೆಸರಾಂತ 7542ರಲ್ಲಿ 75 ಎಂದರೆ ಮಿಶ್ರಣದ ಸೂತ್ರ ಹುಟ್ಟಿದ ವರ್ಷ 1975, 4 ಎಂದರೆ ಎಲೆಯ ದರ್ಜೆ, 2 ಎಂದರೆ ಮೆಂಗ್‌ಹಾಯ್ ಕಾರ್ಖಾನೆ. ಕೊನೆಗೆ 1 ಇದ್ದರೆ ಕುನ್ಮಿಂಗ್, 3 ಇದ್ದರೆ ಶಿಯಾಗ್ವಾನ್. 75ನ್ನು ಚಹಾದ ವಯಸ್ಸೆಂದು ತಿಳಿದು ಕೈ ಸುಟ್ಟುಕೊಂಡವರು ಕಡಿಮೆಯಿಲ್ಲ. ಅದೇ ಸೂತ್ರದಲ್ಲಿ ಕಳೆದ ವರ್ಷ ಒತ್ತಿದ ಬಿಲ್ಲೆಗೂ 7542 ಎಂಬುದೇ ಹೆಸರು.

ಹದಿನೈದು ಬಟ್ಟಲು, ಒಂದೇ ಹಿಡಿ ಎಲೆ

ಹಿಡಿಯಿಲ್ಲದ, ಮುಚ್ಚಳವಿರುವ ಪಿಂಗಾಣಿ ಬಟ್ಟಲು ‘ಗಾಯ್‌ವಾನ್’. ಸುಮಾರು 100 ಮಿಲಿಲೀಟರಿನದಕ್ಕೆ 6-7 ಗ್ರಾಂ ಎಲೆ. ನಮ್ಮ ಲೆಕ್ಕದಲ್ಲಿ ಇದು ದುಂದು. ಆದರೆ ನೀರು ಎಲೆಯ ಜೊತೆ ಇರುವುದು ಕೆಲವೇ ಸೆಕೆಂಡು. ಕುದಿಯುವ ನೀರನ್ನು ಸುರಿದು ಕೂಡಲೇ ಚೆಲ್ಲುವುದು ಮೊದಲ ಸುತ್ತು. ದೂಳು ತೊಳೆದು ಎಲೆಯನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಎರಡನೆಯದಕ್ಕೆ ಐದು ಸೆಕೆಂಡೊ ಹತ್ತು ಸೆಕೆಂಡೊ. ಆಮೇಲೆ ಸುತ್ತಿನಿಂದ ಸುತ್ತಿಗೆ ಸ್ವಲ್ಪ ಸ್ವಲ್ಪ ಹೆಚ್ಚು. ಒಳ್ಳೆಯ ಎಲೆ ಹದಿನೈದು ಸುತ್ತು ಬಾಳುತ್ತದೆ. ಬಸಿದ ಚಹಾವನ್ನು ಮೊದಲು ಒಂದು ಹೂಜಿಗೆ ಹಾಕಿ, ಅಲ್ಲಿಂದ ಪುಟ್ಟ ಬಟ್ಟಲುಗಳಿಗೆ ಹಂಚುತ್ತಾರೆ. ಒಬ್ಬನಿಗೆ ತೆಳು, ಇನ್ನೊಬ್ಬನಿಗೆ ಗಟ್ಟಿ ಆಗದಿರಲಿ ಎಂದು. ಆ ಹೂಜಿಯ ಹೆಸರು ‘ನ್ಯಾಯದ ಬಟ್ಟಲು’.

ಈ ಕ್ರಮಕ್ಕೆ ‘ಗೊಂಗ್‌ಫು ಚಾ’ ಎನ್ನುತ್ತಾರೆ. ಸಿನಿಮಾದ ಕುಂಗ್‌ಫು ಇದೇ ಪದ; ಸಮಯ ಕೊಟ್ಟು, ಮೈಬಗ್ಗಿಸಿ ಕಲಿತ ಕುಶಲತೆ ಎಂದು ಅರ್ಥ. ಹೀಗೆ ಮಾಡುವುದರಿಂದ ಒಂದೇ ಎಲೆಯ ಇಡೀ ಬದುಕು ಒಂದರ ಹಿಂದೊಂದು ಬಟ್ಟಲಿನಲ್ಲಿ ಕಾಣಸಿಗುತ್ತದೆ. ಎರಡನೆಯದು ಸಂಕೋಚ, ನಾಲ್ಕನೆಯದು ಆವೇಶ, ಎಂಟನೆಯದು ಸಮಾಧಾನ, ಹದಿಮೂರನೆಯದು ಬರೀ ಸಿಹಿನೀರು. ನಮ್ಮ ಹಾಗೆ ಒಂದೇ ಸಲ ಕುದಿಸಿ ಇಳಿಸಿದರೆ ಇವೆಲ್ಲ ಕಲಸಿ ಒಂದೇ ಕಹಿಯಾಗುತ್ತವೆ.

ಎಂಟನೆಯ ಶತಮಾನದಲ್ಲಿ ಚಹಾದ ಮೇಲೆ ಮೊದಲ ಶಾಸ್ತ್ರಗ್ರಂಥ ಬರೆದ ಲು ಯು, ಚಹಾಕ್ಕೆ ಶುಂಠಿ, ಈರುಳ್ಳಿ, ಪುದೀನ ಹಾಕಿ ಕುದಿಸುವವರನ್ನು ಚೆನ್ನಾಗಿ ಬೈದಿದ್ದಾನೆ. ನಮ್ಮ ಶುಂಠಿ ಚಹಾ ಅವನ ಕೈಗೆ ಸಿಕ್ಕಿದ್ದರೆ ಗತಿಯೇನು! ಆದರೆ ಅವನೇ ಚಿಟಿಕೆ ಉಪ್ಪು ಹಾಕುತ್ತಿದ್ದ. ಚಹಾದ ಮಡಿವಂತಿಕೆ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ ಎಂಬುದಕ್ಕೆ ಇಷ್ಟು ಸಾಕು. ಹಾಂಗ್‌ಕಾಂಗಿನ ಉಪಾಹಾರ ಗೃಹಗಳಲ್ಲಂತೂ ಪು-ಅರ್ ಯಾವ ಶಾಸ್ತ್ರವೂ ಇಲ್ಲದೆ, ಕೆಲವೊಮ್ಮೆ ಸೇವಂತಿಗೆಯ ಜೊತೆ ಸೇರಿ, ಕಡುಬು ತಿಂದ ಬಾಯಿಯ ಜಿಡ್ಡು ತೆಗೆಯುವ ಕೆಲಸ ಮಾಡುತ್ತದೆ.

ಒಗರಿಗೆ ಹೆಸರಿರುವ ನಾಲಿಗೆ

ಪು-ಅರ್ ರುಚಿ ನೋಡಲು ಚೀನೀ ಪಾರಿಭಾಷಿಕಗಳ ದೊಡ್ಡ ಪಟ್ಟಿಯೇ ಇದೆ. ಕನ್ನಡದ ನಾಲಿಗೆಗೆ ಅದರಲ್ಲಿ ಅರ್ಧ ಮೊದಲೇ ಗೊತ್ತು. ಆರು ರಸಗಳಲ್ಲಿ ಒಗರನ್ನು ಬೇರೆಯಾಗಿ ಎಣಿಸಿದ ಅಡುಗೆಮನೆ ನಮ್ಮದು. ಬಾಳೆಕಾಯಿ ಹೆಚ್ಚಿದ ಕೈ, ಎಳೆ ಅಡಿಕೆ ಅಗಿದ ಬಾಯಿ, ಅಡಿಕೆ ಬೇಯಿಸಿದ ಹಂಡೆಯ ಚೊಗರು ಎಲ್ಲವೂ ಅದರ ಪಾಠಶಾಲೆ. ಒಗರು ನಿಜವಾಗಿ ಸ್ಪರ್ಶಕ್ಕೆ ಹತ್ತಿರದ ಅನುಭವ. ಎಲೆಯ ಪಾಲಿಫಿನಾಲ್‌ಗಳು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುಗುಣವನ್ನು ಕಸಿಯುತ್ತವೆ; ನಾಲಿಗೆ, ಕೆನ್ನೆಯ ಒಳಗೋಡೆ ತರಕಾಗುತ್ತದೆ. ಕಹಿಯೇ ಬೇರೆ, ಅದು ನಾಲಿಗೆಗೆ ತಟ್ಟುವ ರುಚಿ. ಎರಡೂ ಪು-ಅರಿನಲ್ಲಿ ತಪ್ಪಲ್ಲ. ಬಂದದ್ದು ಕರಗುತ್ತದೆಯೇ, ಕರಗಿ ಏನಾಗುತ್ತದೆ ಎಂಬುದೇ ಪರೀಕ್ಷೆ.

ಕರಗಿ ಸಿಹಿಯಾದರೆ ಅದು ‘ಹುಯ್‌ಗಾನ್’, ಮರಳಿ ಬರುವ ಸಿಹಿ. ಸಕ್ಕರೆಯ ಹಾಗೆ ನಾಲಿಗೆಗೆ ಥಟ್ಟನೆ ಬಡಿಯದೆ, ಗಂಟಲಿನ ಆಳದಿಂದ ಮೆಲ್ಲಗೆ ಏರುತ್ತದೆ. ಇದನ್ನು ವರ್ಣಿಸಲು ಬೇರೆ ಭಾಷೆಯವರು ತಿಣುಕಾಡುವುದುಂಟು. ಶಾಲೆಯ ಗೇಟಿನ ಬಳಿ ಬೆಟ್ಟದ ನೆಲ್ಲಿಕಾಯಿ ಕಚ್ಚಿ, ಮುಖ ಕಿವುಚಿ, ಓಡಿಹೋಗಿ ನಲ್ಲಿಗೆ ಬಾಯಿಟ್ಟವರಿಗೆ ಅದರ ಅಗತ್ಯವಿಲ್ಲ. ಆ ನೀರು ಸಿಹಿಯಾಗಿತ್ತಲ್ಲ, ಅದೇ. ಹೋಲಿಕೆ ನಮ್ಮ ಜಂಬವೂ ಅಲ್ಲ: ಯುನ್ನಾನಿನ ಬೆಟ್ಟಗಳಲ್ಲೂ ನೆಲ್ಲಿ ಬೆಳೆಯುತ್ತದೆ, ಮತ್ತು ಚೀನೀ ಭಾಷೆಯಲ್ಲಿ ಅದರ ಹೆಸರು ‘ಯುಗಾನ್‌ಜಿ’. ಸಿಹಿ ಉಳಿಸಿ ಹೋಗುವ ಕಾಯಿ ಎಂದು ಅರ್ಥ. ಹುಯ್‌ಗಾನ್‌ನ ‘ಗಾನ್’, ಯುಗಾನ್‌ಜಿಯ ‘ಗಾನ್’ ಎರಡೂ ಒಂದೇ ಅಕ್ಷರ.

ಇದರ ಜೊತೆಗೇ ಕೆನ್ನೆಯ ಬದಿಗಳಿಂದ ನೀರೂರಿ ಬಂದರೆ ‘ಶೆಂಗ್‌ಜಿನ್’. ತಂಪೂ ಕಂಪೂ ಗಂಟಲಲ್ಲಿ ತಂಬೂರಿಯ ಶ್ರುತಿಯಂತೆ ನಿಂತರೆ ‘ಹೌಯುನ್’, ಗಂಟಲಿನ ಲಯ. ಬಟ್ಟಲು ಬರಿದಾದ ಮೇಲೆ ತಳ ಮೂಸುವುದೂ ರೂಢಿ. ಆರಿದ ಪಿಂಗಾಣಿಯಲ್ಲಿ ಜೇನೊ ಸುಟ್ಟ ಬೆಲ್ಲವೊ ಅಡಗಿರುತ್ತದೆ. ನಾಲ್ಕಾರು ಸುತ್ತಿನ ಬಳಿಕ ಬೆನ್ನು ಬೆಚ್ಚಗಾಗಿ, ಹಣೆ ತೇವವಾಗಿ, ಮಾತು ಕಡಿಮೆಯಾಗುವುದನ್ನು ‘ಚಾ ಚೀ’, ಚಹಾದ ಪ್ರಾಣಶಕ್ತಿ ಎನ್ನುತ್ತಾರೆ. ಕೆಫೀನ್, ಬಿಸಿನೀರು, ನಿಧಾನದ ಕೂಟ ಮೂರೂ ಸೇರಿದರೆ ಅಷ್ಟಾಗುವುದು ಸಹಜವೇ. ಆದರೆ ತೂಕ ಇಳಿಸುತ್ತದೆ, ಕೊಬ್ಬು ಕರಗಿಸುತ್ತದೆ ಎಂಬ ಜಾಹೀರಾತು ನಂಬಿ ಇದನ್ನು ಕಷಾಯದಂತೆ ಕುಡಿಯುವುದು ಚಹಾಕ್ಕೂ ನಾಲಿಗೆಗೂ ಮಾಡುವ ಅನ್ಯಾಯ.

ಹಳತಿನ ಸಂತೆ

ಪು-ಅರ್ ಬಹಳ ಹಳೆಯ ಚಹಾ; ಅದರ ಹಳತನ್ನು ಪೂಜಿಸುವ ಕ್ರಮ ಅಷ್ಟು ಹಳೆಯದಲ್ಲ. 1950ರ ದಶಕದಲ್ಲಿ ‘ಕೆಂಪು ಮುದ್ರೆ’ಯ ಬಿಲ್ಲೆ ಒತ್ತಿದವರು, ಮುಂದೊಂದು ದಿನ ಅದು ಹರಾಜಿನಲ್ಲಿ ಒಡವೆಯಂತೆ ಬಿಕರಿಯಾಗುತ್ತದೆ ಎಂದು ಎಣಿಸಿರಲಿಲ್ಲ. ಹಾಂಗ್‌ಕಾಂಗಿನ ತೇವದ ಗೋದಾಮುಗಳಲ್ಲಿ ಉಳಿದುಹೋಗಿದ್ದ ಹಳೆಯ ದಾಸ್ತಾನು 1990ರ ದಶಕದಲ್ಲಿ ತೈವಾನಿನ ಸಂಗ್ರಾಹಕರ ಕೈ ಸೇರಿತು. 1995ರಲ್ಲಿ ಅಲ್ಲಿನ ದೆಂಗ್ ಶಿಹಾಯ್ ಬರೆದ ‘ಪು-ಅರ್ ಚಹಾ’ ಪುಸ್ತಕ, ಹಳೆಯದಾದಷ್ಟೂ ಕಂಪು ಹೆಚ್ಚು ಎಂಬ ಮಾತನ್ನು ಮನೆಮಾತಾಗಿಸಿತು. ಹಳೆಯ ಅಕ್ಕಿ, ಹಳೆಯ ಹುಣಸೆಯ ಬೆಲೆ ಬಲ್ಲ ನಮಗೆ ಆ ಮಾತು ವಿಚಿತ್ರವಲ್ಲ. ಆದರೆ ಕಾಲಕ್ಕೆ ಬೆಲೆ ಕಟ್ಟಿದ ಕೂಡಲೇ ಕಾಯುವ ತಾಳ್ಮೆ ಹೋಗಿ ಕೂಡಿಡುವ ಆಸೆ ಬಂತು.

ಕುಡಿಯದವರೂ ಬಿಲ್ಲೆ ಕೊಂಡರು. ವಾರದಿಂದ ವಾರಕ್ಕೆ ದರ ಏರಿತು. 2007ರಲ್ಲಿ ಸಿಮಾವೊ ಎಂಬ ನಗರ, ಚಹಾದ ಕೀರ್ತಿಯನ್ನು ನೆಚ್ಚಿ, ತನ್ನ ಹೆಸರನ್ನೇ ಪು-ಅರ್ ಎಂದು ಬದಲಿಸಿಕೊಂಡಿತು. ಅದೇ ವರ್ಷದ ವಸಂತ ಕಳೆಯುವಷ್ಟರಲ್ಲಿ ಮಾರುಕಟ್ಟೆ ಮುಗ್ಗರಿಸಿತು. ಸಾಲ ಮಾಡಿ ಗೋದಾಮು ತುಂಬಿದವರ ಪಾಲಿಗೆ ಉಳಿದದ್ದು ಕುಡಿದು ಮುಗಿಸಲಾಗದಷ್ಟು ಚಹಾ. ಬೆಲೆ ಆಮೇಲೆ ಮತ್ತೆ ಏರಿತು, ಆದರೆ ಈ ಸಲ ಊರಿನ ಹೆಸರು ಹಿಡಿದು. ಬುಲಾಂಗ್ ಬೆಟ್ಟದ ಲಾವೊ ಬಾನ್‌ಜಾಂಗ್ ಎಂಬ ಪುಟ್ಟ ಹಳ್ಳಿಯ ಹೆಸರಿನಲ್ಲಿ ಇಂದು ಪೇಟೆಯಲ್ಲಿರುವ ಚಹಾವನ್ನೆಲ್ಲ ಆ ಹಳ್ಳಿ ಬೆಳೆಯುವುದು ಸಾಧ್ಯವೇ ಇಲ್ಲ. ನೂರಾರು ವರ್ಷದ ಮರದ ಎಲೆ ಎಂಬ ಮುದ್ರೆಯೂ ಹಾಗೆಯೇ, ಕಾಗದಕ್ಕೆ ನಾಚಿಕೆಯಿಲ್ಲ.

ಮನೆಯಲ್ಲಿ ಹಳತು ಮಾಡುವ ಆಸೆಯಿದ್ದವರು ಹವೆಯ ಲೆಕ್ಕ ಹಾಕಬೇಕು. ಗಾಳಿಯ ತೇವ ಶೇಕಡ 60-70 ಇದ್ದರೆ ಬಿಲ್ಲೆಗೆ ಹಿತ. ಕುನ್ಮಿಂಗಿನ ಒಣಹವೆಯಲ್ಲಿ ಅದು ನಿಧಾನ, ಕಂಪು ಉಳಿಸಿಕೊಂಡು ಮಾಗುತ್ತದೆ. ಹಾಂಗ್‌ಕಾಂಗಿನ ಸೆಕೆಯಲ್ಲಿ ಬೇಗ, ಅಟ್ಟದ ವಾಸನೆ ಹೊತ್ತುಕೊಂಡು. ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಮಲೆನಾಡಿನ ಆಷಾಢಕ್ಕೆ ಬಿಲ್ಲೆಯನ್ನು ಒಡ್ಡಿದರೆ ಅದರ ಕಥೆ ಮುಗಿದಂತೆ. ಮಸಾಲೆ ಡಬ್ಬಿ, ಊದುಬತ್ತಿ ಹತ್ತಿರವಿದ್ದರೂ ಕೇಡು. ಎಲೆ ಎಲ್ಲ ವಾಸನೆಯನ್ನೂ ಹೀರಿ ನೆನಪಿಟ್ಟುಕೊಳ್ಳುತ್ತದೆ. ಹೊಸಬರು ಇಡೀ ಬಿಲ್ಲೆಗೆ ಕೈ ಹಾಕದೆ ಹತ್ತಿಪ್ಪತ್ತು ಗ್ರಾಮಿನ ಚೂರುಗಳನ್ನು ಕೊಂಡು, ಒಂದು ಎಳೆಯ ಶೆಂಗ್, ಒಂದು ಮಾಗಿದ ಶೆಂಗ್, ಒಂದು ಶೌ ಅಕ್ಕಪಕ್ಕ ಇಟ್ಟು ಕುಡಿಯುವುದು ಲೇಸು.

ಸಾಕ್ಷಿ ಹೇಳುವ ಎಲೆ

ಕಾಗದ, ಮುದ್ರೆ, ಮಾರುವವನ ಮಾತು ಯಾವುದನ್ನೂ ನಂಬುವಂತಿಲ್ಲದಾಗ ಬಲ್ಲವರು ಕೊನೆಯ ಸುತ್ತು ಮುಗಿಯಲಿ ಎಂದು ಸುಮ್ಮನಿರುತ್ತಾರೆ. ಆಮೇಲೆ ಗಾಯ್‌ವಾನಿನಲ್ಲಿ ಉಳಿದ ಚರಟವನ್ನು ಬಿಳಿ ತಟ್ಟೆಗೆ ಬೋರಲು ಹಾಕಿ, ಬೆರಳಿನಿಂದ ಒಂದೊಂದೇ ಎಲೆಯನ್ನು ಬಿಡಿಸುತ್ತಾರೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ತೊಗಲಿನಂತೆ ತಾಳಿಕೊಳ್ಳುತ್ತದೆಯೇ, ಪಿಸಿದು ಹೋಗುತ್ತದೆಯೇ? ಬಣ್ಣ ಎಲ್ಲಕ್ಕೂ ಒಂದೆಯೇ, ಮೇಲ್ಪದರಕ್ಕೆ ಮಾತ್ರ ಒಳ್ಳೆಯ ಎಲೆ ಹೊದಿಸಿ ಒಳಗೆ ಕಸ ತುಂಬಿದ್ದಾರೆಯೇ? ದಂಟು ದಪ್ಪವೇ, ನರ ಎದ್ದು ಕಾಣುತ್ತದೆಯೇ?

ಹಬೆಗೆ ಬಾಗಿ, ಕಲ್ಲಿಗೆ ಚಪ್ಪಟೆಯಾಗಿ, ವರ್ಷಗಟ್ಟಲೆ ಕತ್ತಲಲ್ಲಿ ಮಲಗಿದ್ದ ಎಲೆ ಹದಿನೈದು ಸಲ ಬಿಸಿನೀರು ಕುಡಿದು ತಟ್ಟೆಯ ಮೇಲೆ ಪೂರ್ತಿ ಅಗಲವಾಗುತ್ತದೆ. ಅಂಚಿನ ಗರಗಸದ ಹಲ್ಲುಗಳು ಹಾಗೇ ಇವೆ. ಒಂದು ಕಡೆ ಹುಳು ತಿಂದ ದುಂಡನೆಯ ತೂತು. ಆ ಹುಳು ಯಾವ ವಸಂತದಲ್ಲಿ ತಿಂದಿತೋ. ಬಟ್ಟಲು ಬರಿದಾಗಿ ಬಹಳ ಹೊತ್ತಾಗಿದೆ. ಗಂಟಲಲ್ಲಿ ಮಾತ್ರ ನೆಲ್ಲಿಕಾಯಿಯ ನೀರು ಇನ್ನೂ ಸಿಹಿಯಾಗಿದೆ.